ವಜನ

ದುಧನಿ ಅಡತಿ ಬಜಾರದಾಗ
ಹಮಾಲಿ ಮಾಡೋವಾಗ ಸಾಯಬಣ್ಣ
ತೊಗರಿ ಚೀಲಕ್ಕ ಕೈ ಹಚ್ಚಿದ್ರ ಸಾಕು,
ಅರ್ಧ ಕಿಲೋ ಕಮ್ಮಿ ಅದ ಅಂತಿದ್ದ.
ಅಡತಿಯವ ನಗ್ತಿದ್ದ.
ಆಮ್ಯಾಲ ಕಾಟಾಕ್ಕ ಹಾಕಿ ನೋಡಿ ಸುಮ್ಮನಾಗ್ತಿದ್ದ.

ಈಗ ಅವನನ್ನ ತೂಗ್ತಾರ,
ಅಕ್ಕಲಕೋಟಿ ದವಾಖಾನ್ಯಾಗ, ತಿಂಗಳಿಗೊಮ್ಮೆ.
ನಲವತ್ತೊಂದು.
ಅಷ್ಟನ್ನ ಒಂದ ಕೈಲೆ ಎತ್ತಿ ಒಗಿತಿದ್ದೆ ಅಕ್ಕಾ, ಅಂದ.
ನಕ್ಕ. ಕೆಮ್ಮು ಬಂತು.
ಟವೆಲ್ಲಿನ ಚುಂಗು ಬಾಯಿಗಿಟ್ಟು
ಗ್ವಾಡಿ ಕಡೆ ತಿರುಗಿದ.

ನಾನು ಬಾಲವಾಡಿಯಾಕಿ.
ಓಣಿ ಅಳೋದು, ನಗೋದು ಕನ್ನಡದಾಗ,
ನನ್ನ ರಜಿಸ್ಟರ್ ಮರಾಠಿ.
'ಕಮೀ ವಜನ' ಅಂತ ಕೆಂಪು ಪೆನ್ನಿಲೆ ಬರದ ಹೆಸರು ಏಳು.
ಒಂದು, ಸಾಯಬಣ್ಣನ ಮಗಳು ನಿಂಬೆವ್ವ,
ಮೂರು ವರ್ಷ ಎರಡು ತಿಂಗಳು, ಹತ್ತು ಕಿಲೋ ನಾನೂರು.
ಬಣ್ಣದ ಪಟ್ಟಿ ರಟ್ಟಿಗೆ ಸುತ್ತಿದ್ರ
ಹಸಿರು ಮುಟ್ಟೋದಿಲ್ಲ, ಹಳದಿಗೇ ನಿಂದ್ರತದ.
"ಬಳಿ ಏನಕ್ಕಾ?" ಅಂತ ಕೇಳ್ತದ ಕೂಸು.
ಬಿಚ್ಚಗೊಡೋದಿಲ್ಲ.

ದಿನಾ ಒಂದು ಲಾಡು ಕೊಡ್ತೀನಿ,
ಬಾಯಿ ಆಡಿಸೋದು ನನ್ನ ಕಣ್ಲೆ ನೋಡೀನಿ.
ಮತ್ತ ಯಾಕ ಏರವಲ್ದು?
ಒಂದಿನ ಫ್ರಾಕಿನ ಮ್ಯಾಲ ಇರುವಿ ಸಾಲು,
ನೆಟ್ಟಗ ಕಿಸೆದೊಳಗ ಹೊಂಟಿತ್ತು.
ಕೈ ಹಾಕಿದ್ರ ಅರ್ಧ ಲಾಡು,
ಬೆವರಿಗೆ ಮೆತ್ತಗಾಗಿದ್ದು.
ಯಾರಿಗವ್ವಾ ಇದು?
"ಅಪ್ಪಗ. ಅಪ್ಪಗ ತಾಕತ್ತು ಬೇಕಂತ."

ಸಂಜಿಗೆ ಮನೀಗೆ ಹೋದೆ, ಬೈಬೇಕಂತ.
ಹೊಸ್ತಿಲದಾಗ ಜಗದೇವಿ ಮಿಲ್ಲಿನ ನುಚ್ಚು ಕೇರ್ತಿದ್ದಳು.
ಒಳಗ ಗಂಡ ತಾಟಿನ ಮುಂದ ಕುಂತಿದ್ದ:
ಡಾಕ್ಟರು ಹೇಳಿದ ತತ್ತಿ, ಉದ್ರಿ ತಂದದ್ದು, ಒಂದು.
ಬಿಳೇದು ತಿಂದು
ಹಳದಿ ತಾಟಿನ ಅಂಚಿಗೆ ಸರಿಸಿದ್ದ.
"ವಾಸನಿ ಬರ್ತದ ಅಕ್ಕಾ,
ಗುಳಿಗಿ ನುಂಗಿದ ಬಾಯಿಗೆ ಸೇರೋದಿಲ್ಲ."
ನನ್ನ ಮಾರಿ ನೋಡಲಿಲ್ಲ.
ಬಾಗಲಾಗ ನಿಂಬೆವ್ವ ತುದಿಗಾಲಲೆ ನಿಂತಿದ್ದಳು.
ಆ ವಾಸನಿ ಆಕಿಗೆ ಚಲೋ ಗೊತ್ತಿತ್ತು.

ಬೈದೆ. ಇಬ್ಬರಿಗೂ.
ಹಸದ ಮೈಯ್ಯಾಗ ಗುಳಿಗಿ ಏನು ದುಡೀತದ?
ನಿಂದು ನೀ ತಿನ್ನು, ಆಕಿದು ಆಕಿ ತಿನ್ನಲಿ.
ಒಬ್ಬರ ಬಾಯಿ ಒಬ್ಬರು ಕಾಯ್ರಿ, ನುಂಗೂತನಕ.
ಅವ ಒಳಗ, ಆಕಿ ಅಂಗಳದಾಗ,
ನಡುವ ಹೊಸ್ತಿಲ.
ನಿಂಬೆವ್ವ ಅಪ್ಪನ ತುತ್ತು ಎಣಿಸಿದಳು,
ಒಂದು, ಎರಡು, ಐದು, ಒಂಬತ್ತು.
ಹಳದಿ ಖಾಲಿ ಆತು.

ಮುಂದಿನ ತಿಂಗಳು ಹೊಸಾ ಮಷೀನು ಬಂತು.
ಲಾಲ್ ಅಂಕಿ ಮಿಣಮಿಣ ಅಂದ್ರ ಕೂಸು ಅಂಜ್ತದ,
ಅವ್ವನ ಕೊಳ್ಳಿಗೆ ಬಿತ್ತು.
ಎತ್ತಿಕೊಂಡೇ ನಿಂದ್ರು ಜಗದೇವಿ, ಅಂದೆ.
ನಲವತ್ತಾರು ಪಾಯಿಂಟ್ ಒಂಬತ್ತು.
ಕೂಸು ನನ್ನ ಬಗಲಿಗೆ ಕೊಟ್ಟು ಒಬ್ಬಾಕಿನೇ ನಿಂತಳು.
ಮೂವತ್ತಾರು ಪಾಯಿಂಟ್ ಒಂದು.
ತಾಯಿದು ಕಳದು ಕೂಸಿಂದು ಬರೀಬೇಕು.
ಹತ್ತು ಕಿಲೋ ಎಂಟುನೂರು!
ನಾನೂರು ಗ್ರಾಂ ಏರಿದಳು ನಿಂಬೆವ್ವ.
ಚಪ್ಪಾಳಿ ಹೊಡದೆ.
ಜಗದೇವಿ ಸೆರಗು ಬಾಯಿಗೆ ಹಿಡಕೊಂಡು ನಕ್ಕಳು,
ಮಿಲ್ಲಿಗೆ ಹೊತ್ತಾತು ಅಂತ ಓಡಿದಳು.

ಕಳಿಯೋ ಅಂಕಿ ಅಂಗೈ ಮ್ಯಾಲ ಬರಕೊಂಡಿದ್ದೆ.
ರಜಿಸ್ಟರದಾಗ ಅದಕ್ಕ ಖಾನಿ ಇಲ್ಲ,
ದವಾಖಾನ್ಯಾಗೂ ಇಲ್ಲ, ಆಕಿಗೆ ಜಡ್ಡಿಲ್ಲಲ್ಲ.
ರಾತ್ರಿ ರೊಟ್ಟಿ ಬಡೀಬೇಕಂತ ಹಿಟ್ಟು ನಾದಿದ್ರ
ಮೂವತ್ತಾರು ಹಿಟ್ಟಿಗೆ ಹತ್ತಿತು,
ನೀಲಿ.

ಮರುದಿನ ಹೋದೆ.
ಸಾಯಬಣ್ಣಾ, ಚೀಲಕ್ಕ ಕೈ ಹಚ್ಚಿ ಹೇಳಾಂವ ನೀನು,
ಮನಿಯಾಕಿದು ಎಷ್ಟದ ಹೇಳು, ಅಂದೆ.
ನಕ್ಕ.
ತಾಟು ಇಡಲಿಕ್ಕೆ ಬಗ್ಗಿದಾಕಿ ರಟ್ಟಿ ಹಿಡದ.
ಹಿಡದೇ ಇದ್ದ.
ಅಂಕಿ ಹೇಳಲಿಲ್ಲ.
ಆಮ್ಯಾಲ ಸೌಕಾಶ ಕೈ ಬಿಟ್ಟ,
ಚೀಲ ಇಳಸಿದಂಗ.